ಅಲ್ಲಿಲ್ಲದ ದೋಸೆ

ಹೋಟೆಲಿಗೆ ಹಸಿವನ್ನು ನೀಗಿಕೊಳ್ಳುವುದಕ್ಕೆ ಹೋಗುವವರು ಕೆಲವರು. ಮನೆಯಲ್ಲಿ ಅಡುಗೆಯಿಲ್ಲವೆಂದು ಹೋಗುವವರು ಕೆಲವರು. ಮಾತನಾಡುವುದಕ್ಕೆ ಬೇರೆ ಸ್ಥಳವಿಲ್ಲದೆ, ಬೈಟು ಕಾಫಿಯೊಂದನ್ನು ಮುಂದಿಟ್ಟುಕೊಂಡು ಗಂಟೆಗಟ್ಟಲೆ ಕೂರುವವರು ಮತ್ತೆ ಕೆಲವರು. ಈ ಮೂರು ಪಂಗಡಗಳಿಗೂ ಸೇರದೆ, ಎದುರಿಗೆ ಬಂದ ತಿಂಡಿಯನ್ನು ನೆಪಮಾತ್ರವಾಗಿಟ್ಟುಕೊಂಡು, ಅಲ್ಲಿಲ್ಲದ ಇನ್ನೊಂದು ತಿಂಡಿಯನ್ನು ಸ್ಮರಿಸುವುದಕ್ಕೆಂದೇ ಹೋಗುವ ನಾಲ್ಕನೆಯ ವರ್ಗವೊಂದುಂಟು. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಬೀದಿಗೊಬ್ಬರಂತೆ ದೊರೆಯುವ ಈ ವರ್ಗದ ಮಹನೀಯರನ್ನು, ಯಾರೊಬ್ಬರಿಗೂ ಮನಸ್ಸು ನೋಯದಿರಲೆಂದು, ಬರಿದೇ ರಾಯರೆಂದು ಕರೆಯೋಣ.

ರಾಯರ ವಿದ್ವತ್ತು ಸಾಮಾನ್ಯವಾದುದಲ್ಲ. ತಮ್ಮ ಮದುವೆಯಾದ ವರ್ಷ ಯಾವುದೆಂದು ಕೇಳಿದರೆ ಹೆಂಡತಿಯ ಮುಖವನ್ನು ನೋಡುವ ಅವರು, ಮಾವಳ್ಳಿ ಟಿಫಿನ್ ರೂಮ್ಸ್ ಆರಂಭವಾದದ್ದು 1924ರಲ್ಲಿ ಎಂಬುದನ್ನೂ, ಗಾಂಧಿಬಜಾರಿನ ವಿದ್ಯಾರ್ಥಿ ಭವನ ಬಾಗಿಲು ತೆರೆದದ್ದು 1943ರಲ್ಲಿ ಎಂಬುದನ್ನೂ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದೊದಗಲು ಮಾವಳ್ಳಿಯವರು ರವೆಯಲ್ಲಿ ಇಡ್ಲಿ ಮಾಡಿದ ವೃತ್ತಾಂತವನ್ನೂ ಕಣ್ಣು ಮುಚ್ಚಿಕೊಂಡು ನಿರೂಪಿಸಬಲ್ಲರು. ಆ ಯುದ್ಧಕ್ಕೆ ಕಾರಣಗಳೇನೆಂಬ ವಿಷಯದಲ್ಲಿ ಅವರಿಗೆ ಅಷ್ಟೊಂದು ಖಚಿತವಿಲ್ಲ. ಅದರಿಂದ ಲೋಕಕ್ಕಾದ ಸತ್ಫಲ ಮಾತ್ರ ರವೆ ಇಡ್ಲಿಯೇ ಎಂಬುದರಲ್ಲಿ ಲೇಶವೂ ಸಂದೇಹವಿಲ್ಲ.

ಇಂತಹ ಪಂಡಿತರು ಹೋಟೆಲನ್ನು ಪ್ರವೇಶಿಸುವ ಕ್ರಮವೇ ಬೇರೆ. ಮೊದಲು ಬಾಗಿಲಲ್ಲಿ ನಿಂತು, ಒಳಗಿನಿಂದ ಬರುವ ಕಾದ ತುಪ್ಪದ ಪರಿಮಳವನ್ನು ಮೂಗಿನಿಂದ ತೂಗಿ ನೋಡಿ, ತಲೆಯನ್ನು ಸಣ್ಣಗೆ ಅಡ್ಡಡ್ಡ ಆಡಿಸುವರು. ಅನಂತರ ಕುಳಿತು, ಮಾಣಿಯನ್ನು ಹತ್ತಿರ ಕರೆದು, ರಹಸ್ಯವೊಂದನ್ನು ವಿಚಾರಿಸುವ ಧ್ವನಿಯಲ್ಲಿ, “ಏನಯ್ಯಾ, ಭಟ್ಟರು ಬದಲಾದರೇನು?” ಎಂದು ಕೇಳುವರು. “ಇಲ್ಲ ಸ್ವಾಮಿ, ಅವರೇ ಇದ್ದಾರೆ” ಎಂದು ಉತ್ತರ ಬಂದರೆ, “ಹಾಗಾದರೆ ಅವರಿಗೆ ವಯಸ್ಸಾಯಿತು” ಎನ್ನುವರು; “ಹೌದು ಸ್ವಾಮಿ, ಬದಲಾದರು” ಎಂದರೆ, “ನಾನಾಗಲೇ ಅಂದುಕೊಂಡೆ” ಎನ್ನುವರು. ದೋಸೆ ಇನ್ನೂ ಕಾವಲಿಯ ಮೇಲಿರುವಾಗಲೇ ತೀರ್ಪು ಹೊರಬಿದ್ದಿರುತ್ತದೆ. ಆದರೂ ಹೀಗೆ ನಿಂದೆಗೆ ಗುರಿಯಾದ ದೋಸೆಯ ಚೂರೊಂದಾದರೂ ಅವರ ತಟ್ಟೆಯಲ್ಲಿ ಉಳಿದದ್ದನ್ನು ಈ ತನಕ ಯಾರೂ ಕಂಡಿಲ್ಲ. ಚಟ್ನಿಯನ್ನಂತೂ ಎರಡನೆಯ ಸಲ, ಕೆಲವೊಮ್ಮೆ ಮೂರನೆಯ ಸಲವೂ ಹಾಕಿಸಿಕೊಳ್ಳುವರು. ತೀರ್ಪು ನ್ಯಾಯಸಮ್ಮತವಾಗಬೇಕಾದರೆ ಸಾಕ್ಷ್ಯವನ್ನು ಸಂಪೂರ್ಣವಾಗಿ ಪರಿಶೀಲಿಸಬೇಕಷ್ಟೆ!

ಗಾಂಧಿಬಜಾರಿನಲ್ಲಿ ಮಾಣಿ ಮೊಳಕೈಯವರೆಗೂ ತಟ್ಟೆಗಳನ್ನು ಪೇರಿಸಿಕೊಂಡು ತಂದ, ಗರಿಗರಿಯಾಗಿ ಕೆಂಪಗೆ ಬೆಂದ ಮಸಾಲೆದೋಸೆಯನ್ನು ಮುರಿಯುತ್ತ ಅವರು ವರ್ಣಿಸುವುದು, ಬಾಯಲ್ಲಿಟ್ಟರೆ ಕರಗುವ ಮೈಸೂರಿನ ಮೈಲಾರಿ ದೋಸೆಯ ಮಾರ್ದವವನ್ನು. ಮೈಸೂರಿಗೆ ಹೋಗಿ ಅದೇ ಮೈಲಾರಿ ದೋಸೆಯನ್ನು ಸವಿಯುತ್ತ ಕೊಂಡಾಡುವುದು, ದಾವಣಗೆರೆಯ ಬೆಣ್ಣೆದೋಸೆಯನ್ನು. ದಾವಣಗೆರೆಯಲ್ಲಿ ಬೆಣ್ಣೆಯ ಉಂಡೆ ಬಿಸಿದೋಸೆಯ ಮೇಲೆ ಕರಗಿ ಹರಿಯುತ್ತಿರುವಾಗ ಅವರ ಕಣ್ಣಿನಲ್ಲಿ ನೀರಾಡುವುದು ಗಾಂಧಿಬಜಾರಿಗಾಗಿ. ಹೀಗೆ ಮೂರು ಊರುಗಳ ದೋಸೆಗಳಿಗೂ ರಾಯರಿಂದ ಸಲ್ಲಬೇಕಾದ ಸ್ತೋತ್ರವು ಯಥೋಚಿತವಾಗಿಯೇ ಸಲ್ಲುತ್ತದೆ. ಸಲ್ಲುವ ಸ್ಥಳ ಮಾತ್ರ ಬೇರೆ.

ವಾರಾಂತ್ಯದ ಪ್ರವಾಸದಲ್ಲಿ ಈ ಗುಣ ವಿಶೇಷವಾಗಿ ಪ್ರಕಾಶಕ್ಕೆ ಬರುವುದು. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ಮೇಲೆ ರಾಯರಿಗೆ ವೈಯಕ್ತಿಕ ದ್ವೇಷವಿದೆ. ಪ್ರಯಾಣದ ಕಾಲವನ್ನು ಅರ್ಧಕ್ಕರ್ಧ ಇಳಿಸಿದ ಆ ಹೆದ್ದಾರಿ, ತಟ್ಟೆ ಇಡ್ಲಿಯ ಬಿಡದಿಯನ್ನೂ ವಡೆಯ ಮದ್ದೂರನ್ನೂ ಬದಿಗೊತ್ತಿ ಹೋಗುವುದಾದುದರಿಂದ, ಅದು ನಾಗರಿಕತೆಯ ಅವನತಿಯ ಲಕ್ಷಣವೆಂದು ಅವರ ಸಿದ್ಧಾಂತ. ಕಾರನ್ನು ಹಟಮಾಡಿ ಹಳೆಯ ರಸ್ತೆಗೆ ಇಳಿಸಿ, ಬಿಡದಿಯಲ್ಲಿ ಒಮ್ಮೆ, ಮದ್ದೂರಿನಲ್ಲಿ ಒಮ್ಮೆ ನಿಲ್ಲಿಸಿ, ಅಕ್ಕಿಹಿಟ್ಟು, ಚಿರೋಟಿ ರವೆ, ಮೈದಾ, ಈರುಳ್ಳಿಗಳು ಯಾವ ಪ್ರಮಾಣದಲ್ಲಿ ಕೂಡಿದರೆ ಮದ್ದೂರು ವಡೆ ಸಿದ್ಧಿಸುವುದೆಂಬುದನ್ನು ಮೊಮ್ಮಕ್ಕಳಿಗೆ ಉಪದೇಶಿಸಿ, ಕೊನೆಗೆ ವಡೆಯನ್ನು ಕಚ್ಚಿ ನಿಟ್ಟುಸಿರುಬಿಡುವರು: “ರೈಲಿನ ಕಿಟಕಿಯಲ್ಲಿ ಕೈಚಾಚಿ ಕೊಂಡ ವಡೆ ಅದು, ಮಕ್ಕಳೇ. ಇಂಜಿನ್ನಿನ ಹೊಗೆಯೇ ಹೋದ ಮೇಲೆ ಆ ಸೊಗಡು ಎಲ್ಲಿಂದ ಬರಬೇಕು?” ಮೈಸೂರು ಸೇರಿದ ಮೇಲೆ ಮಕ್ಕಳು, “ತಾತಾ, ಅರಮನೆ ನೋಡೋಣ” ಎಂದು ಅಂಗಲಾಚಿದರೆ, “ಅರಮನೆ ಎಲ್ಲಿಗೆ ಓಡಿಹೋಗುತ್ತದೆ? ದೋಸೆಹಿಟ್ಟು ಹನ್ನೊಂದಕ್ಕೆ ಮುಗಿದುಹೋಗುತ್ತದೆ” ಎಂಬ ಉತ್ತರ ಸಿದ್ಧವಾಗಿದೆ.

ಇಷ್ಟೆಲ್ಲ ಸಂಶೋಧನೆಯ ಫಲ ದೇಹದಲ್ಲಿ ಕಾಣಿಸಿಕೊಳ್ಳದೆ ಇರಲಾರದು. ಸಕ್ಕರೆ, ಕೊಬ್ಬು, ರಕ್ತದೊತ್ತಡಗಳ ಅಂಕಿಗಳನ್ನು ನೋಡಿ ವೈದ್ಯರು ಗದರಿದಾಗ, ರಾಯರು ಆತ್ಮಸುಧಾರಣೆಯ ಮಾರ್ಗವನ್ನು ಹಿಡಿದರು. ಮೊದಲು ಲಾಲ್‌ಬಾಗಿನಲ್ಲಿ ಬೆಳಗಿನ ನಡಿಗೆ. ಮುನ್ನೂರು ಕೋಟಿ ವರ್ಷಗಳ ವಯಸ್ಸಿನದೆಂದು ಭೂವಿಜ್ಞಾನಿಗಳು ಹೇಳುವ ಅಲ್ಲಿಯ ಬಂಡೆಯೊಂದನ್ನು ಕುರಿತು ಮಾತ್ರ ರಾಯರು “ಮೊದಲಿನಂತಿಲ್ಲ” ಎಂದು ಹೇಳಿದ್ದಿಲ್ಲ. ಆದರೆ ನಡಿಗೆ ಮುಗಿಯುವ ದ್ವಾರಕ್ಕೂ ಮಾವಳ್ಳಿಗೂ ಇರುವ ಅಂತರ ತೀರ ಅಲ್ಪವಾದುದರಿಂದ, ಬಂಡೆಯ ಸುತ್ತ ಕಳೆದುಕೊಂಡದ್ದನ್ನು ಅವರು ಒಂಬತ್ತು ಗಂಟೆಯ ಒಳಗಾಗಿ ಬಡ್ಡಿಸಹಿತ ಮರಳಿ ಪಡೆಯುತ್ತಿದ್ದರು. ಬಳಿಕ ಸಿರಿಧಾನ್ಯಗಳ ಪರ್ವ ಬಂದಿತು. ನವಣೆಯ ದೋಸೆಯನ್ನು ಮೂರು ದಿನ ಮೌನವಾಗಿ ತಿಂದರು. ನಾಲ್ಕನೆಯ ದಿನ, ತಮ್ಮ ಅಜ್ಜಿಯ ಕಾಲದ ನವಣೆಯೇ ಬೇರೆಯಾಗಿತ್ತೆಂಬುದು ಅವರಿಗೆ ಸ್ಮರಣೆಗೆ ಬಂದಿತು.

ಕೊನೆಗೆ ಅವರಿಗೆ ಒಗ್ಗಿದುದು ಹದಿನಾರು ಗಂಟೆಗಳ ಉಪವಾಸ. ಇದನ್ನು ಕೇಳಿ ನಾವೆಲ್ಲ ನಕ್ಕೆವು. ಆದರೆ ಯೋಚಿಸಿ ನೋಡಿದರೆ ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಎದುರಿಗೆ ತಟ್ಟೆಯಿದ್ದಾಗ, ಎಷ್ಟೆಂದರೂ, ಅದರಲ್ಲಿರುವ ಪದಾರ್ಥ ತನ್ನ ಇರವನ್ನು ಸಾಧಿಸುತ್ತ, ಸ್ಮೃತಿಯ ಏಕಾಗ್ರತೆಗೆ ಭಂಗವನ್ನು ತರುತ್ತಲೇ ಇರುತ್ತದೆ. ತಟ್ಟೆಯೇ ಇಲ್ಲವೆಂದಾಗ ಆ ಪೀಡೆ ತಪ್ಪಿತು. ಉಪವಾಸದ ಆ ದಿನಗಳಲ್ಲಿ ರಾಯರು ಜಗಲಿಯ ಮೇಲೆ ಕುಳಿತು ವರ್ಣಿಸಿದಂತಹ ದೋಸೆಗಳನ್ನು ಯಾವ ಭಟ್ಟರೂ ಹುಯ್ದಿರಲಾರರು. ಕೇಳುತ್ತಿದ್ದ ನಾವು ಮಾತ್ರ ನಡುವೆಯೇ ಎದ್ದು ಹೋಟೆಲಿಗೆ ಓಡಬೇಕಾಯಿತು.

ಮೊನ್ನೆ ಉಪವಾಸ ಮುರಿಯುವ ಹೊತ್ತಿಗೆ ಅವರ ಮನೆಯಲ್ಲಿದ್ದೆ. ರಾಯರ ಪತ್ನಿ ಬಿಸಿದೋಸೆಯನ್ನು ತಂದು ಬಡಿಸಿದರು. ರಾಯರು ಒಂದು ತುಂಡು ಮುರಿದು ಬಾಯಲ್ಲಿಟ್ಟು, ಕಣ್ಣು ಅರೆಮುಚ್ಚಿ, “ನಮ್ಮಮ್ಮ ಹುಯ್ಯುತ್ತಿದ್ದ ದೋಸೆ...” ಎಂದು ಉಪಕ್ರಮಿಸಿದರು.

“ಅತ್ತೆಯವರು ಎಲ್ಲಾ ಹೇಳಿದ್ದಾರೆ ನನಗೆ,” ಎಂದರು ಆಕೆ ಸೌಟನ್ನು ಕೈಯಲ್ಲಿ ಹಿಡಿದೇ. “ಚಿಕ್ಕಂದಿನಲ್ಲಿ ಅವರ ದೋಸೆಯನ್ನು ಮುಂದಿಟ್ಟುಕೊಂಡು, ಎದುರುಮನೆಯವರ ದೋಸೆಯೇ ಚೆನ್ನಾಗಿರುತ್ತದೆಂದು ಅಳುತ್ತಿದ್ದಿರಂತೆ.”

ರಾಯರು ಒಂದು ಕ್ಷಣ ಸ್ತಬ್ಧರಾದರು. ಮರುಕ್ಷಣವೇ ಅವರ ಮುಖ ಅರಳಿತು.

“ಎದುರುಮನೆಯವರದೇ!” ಎಂದು ನನ್ನ ಕಡೆಗೆ ತಿರುಗಿ, ಎರಡನೆಯ ದೋಸೆಗೆ ತಟ್ಟೆಯನ್ನು ಮುಂದಕ್ಕೆ ಸರಿಸಿದರು. “ಆಹಾ, ಅದರ ಮಾತೇ ಬೇರೆ ಬಿಡಿ ಸ್ವಾಮಿ!”