ಡಬ್ಬಿಯ ಒಕ್ಕಣೆ ಬರೆದವರಿಗೊಂದು ಬಹಿರಂಗ ಪತ್ರ

ಮಾನ್ಯ ಲೇಬಲ್ ಬರಹಗಾರರೇ,

ನಮ್ಮ ದೊಡ್ಡಪ್ಪ ಮೆಡಿಕಲ್ ಶಾಪಿನಿಂದ ತಂದ ಯೀಸ್ಟ್ ಬೀಟಾ-ಗ್ಲುಕಾನ್ ಡಬ್ಬಿಯನ್ನು ಓದಿದ ಮೇಲೆ ನಿಮ್ಮನ್ನು ಅಭಿನಂದಿಸದೆ ಇರಲಾಗಲಿಲ್ಲ. ಗುರಾಣಿ ಹಿಡಿದ ಮನುಷ್ಯನ ಚಿತ್ರ, ಕೆಳಗೆ ದಪ್ಪಕ್ಷರದಲ್ಲಿ ರೋಗನಿರೋಧಕ ಶಕ್ತಿಯ ಭರವಸೆ, ಭರವಸೆಯ ಬಾಲಕ್ಕೊಂದು ನಕ್ಷತ್ರ. ಆ ನಕ್ಷತ್ರದ ಜೋಡಿ ಹುಡುಕುತ್ತಾ ಡಬ್ಬಿ ತಿರುಗಿಸಿದರೆ, ಬಾರ್‌ಕೋಡಿನ ಪಕ್ಕದಲ್ಲಿ ಕಂಡೂ ಕಾಣದ ಹಾಗೆ: ಔಷಧವಾಗಿ ಬಳಸುವಂತಿಲ್ಲ. ಮುಂದೆ ಕೊಟ್ಟದ್ದನ್ನು ಹಿಂದೆ ಕಿತ್ತುಕೊಳ್ಳುವ ಈ ಕಲೆ ಎಲ್ಲರಿಗೂ ಒಲಿಯುವಂಥದ್ದಲ್ಲ.

ನಿಮ್ಮ ಹೆಚ್ಚುಗಾರಿಕೆ ಏನೆಂದರೆ, ನೀವು ಸುಳ್ಳು ಬರೆದಿಲ್ಲ. ಬೇಕರಿ ಯೀಸ್ಟಿನ ಕೋಶಭಿತ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಬೀಟಾ-ಗ್ಲುಕಾನೇ. ನಮ್ಮ ಬಿಳಿ ರಕ್ತಕಣಗಳು ಡೆಕ್ಟಿನ್-1 ಎಂಬ ಗ್ರಾಹಕದ ಮೂಲಕ ಅದನ್ನು ಗುರುತು ಹಿಡಿಯುವುದೂ ನಿಜ. ಏಕೆ ಹಿಡಿಯುತ್ತವೆ ಎಂದು ಬರೆಯಲು ಮಾತ್ರ ಡಬ್ಬಿಯಲ್ಲಿ ಜಾಗ ಸಾಲಲಿಲ್ಲವೇನೋ. ಈ ವಸ್ತು ನಮ್ಮ ಮೈಯಲ್ಲಿ ತಯಾರಾಗುವುದಿಲ್ಲ, ಶಿಲೀಂಧ್ರಗಳ ಮೈಗೋಡೆಯಲ್ಲಿರುತ್ತದೆ. ಕಂಡೊಡನೆ, ಹೊರಗಿನವನು ಒಳನುಗ್ಗಿದ ಎಂದು ಬಿಳಿಕಣಗಳು ಎದ್ದು ನಿಲ್ಲುತ್ತವೆ. ಅಂದರೆ ನೀವು ಮಾರುತ್ತಿರುವುದು ಕಳ್ಳನ ಅಂಗಿ. ಅದನ್ನು ತೋರಿಸಿ ಕಾವಲುಗಾರನ ನಿದ್ದೆ ಕೆಡಿಸುತ್ತೀರಿ. ಐಸಿಯುನಲ್ಲಿ ರೋಗಿಯ ರಕ್ತದಲ್ಲಿ ಇದೇ ಬೀಟಾ-ಗ್ಲುಕಾನ್ ಹೆಚ್ಚಾಗಿ ಕಂಡರೆ, ಕ್ಯಾಂಡಿಡಾ ಶಿಲೀಂಧ್ರದ ಸೋಂಕೇನಾದರೂ ಹರಡಿತೇ ಎಂದು ವೈದ್ಯರಿಗೆ ಆತಂಕ. ಪಾಪ, ಅವರು ನಿಮ್ಮ ಡಬ್ಬಿ ಓದಿಲ್ಲ.

‘ವೈಜ್ಞಾನಿಕವಾಗಿ ಪರೀಕ್ಷಿತ’ ಎಂದಿದ್ದೀರಿ. ಅದೂ ಸರಿಯೇ. ಪರೀಕ್ಷೆ ನಡೆದಿದೆ, ಫಲಿತಾಂಶ ಏನೆಂದು ನಾವು ಕೇಳಿಲ್ಲ, ನೀವು ಹೇಳಿಲ್ಲ. ಮ್ಯಾರಥಾನ್ ಓಡಿದವರಿಗೆ ದಿನಕ್ಕೆ 250 ಮಿಲಿಗ್ರಾಂ ಕೊಟ್ಟಾಗ ನೆಗಡಿ, ಗಂಟಲುನೋವು ಕಡಿಮೆಯಾಯಿತೆಂಬ ವರದಿಗಳಿವೆ. ಅಂಥ ಎಷ್ಟೋ ಅಧ್ಯಯನಗಳ ಖರ್ಚು ನೋಡಿಕೊಂಡವರು ತಯಾರಕರೇ. ಇಂಗ್ಲೆಂಡಿನ ವಿದ್ಯಾರ್ಥಿಗಳಿಗೆ ಅಷ್ಟೇ ಪ್ರಮಾಣವನ್ನು 90 ದಿನ ಕೊಟ್ಟು ನೋಡಿದ 2012ರ ಅಧ್ಯಯನದಲ್ಲಿ ನೆಗಡಿಯ ದಿನಗಳು ಹೇಳಿಕೊಳ್ಳುವಷ್ಟು ತಗ್ಗಲಿಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ, ತಿನ್ನಲು ಅಡ್ಡಿಯಿಲ್ಲ ಎಂದು 2011ರಲ್ಲಿ ಅಭಿಪ್ರಾಯ ಕೊಟ್ಟಿತು. ರೋಗನಿರೋಧಕತೆ ಹೆಚ್ಚುತ್ತದೆಂಬ ಮಾತು ಬಂದಾಗ ಪುರಾವೆ ಸಾಲದು ಎಂದಿತು. ನೀವು ಮೊದಲರ್ಧ ಕೇಳಿ ಎದ್ದು ಬಂದಿರಿ. ಅಂದಹಾಗೆ ದೊಡ್ಡಪ್ಪ ಮ್ಯಾರಥಾನ್ ಓಡುವುದಿಲ್ಲ. ಬೆಳಿಗ್ಗೆ ಹಾಲಿನ ಬೂತಿನವರೆಗೆ ಹೋಗಿಬರುತ್ತಾರೆ.

‘ಹೃದಯಕ್ಕೂ ಹಿತ’ ಎಂದು ಸೇರಿಸಿದ್ದು ನಿಮ್ಮ ಔದಾರ್ಯ. ಕೊಲೆಸ್ಟರಾಲ್ ಇಳಿಸುವ ಕೀರ್ತಿ ಓಟ್ಸ್, ಬಾರ್ಲಿಯ ಬೀಟಾ-ಗ್ಲುಕಾನಿನದು, ಅದೂ ದಿನಕ್ಕೆ 3 ಗ್ರಾಂ ತಿಂದರೆ. ಹೆಸರು ಒಂದೇ, ಸಕ್ಕರೆ ಕೊಂಡಿಗಳ ಜೋಡಣೆ ಬೇರೆ.

ಈಗ ಅಸಲು ವಿಷಯ. ದೊಡ್ಡಪ್ಪನಿಗೆ ರುಮಟಾಯ್ಡ್ ಸಂಧಿವಾತ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುವುದಿಲ್ಲ, ಲೋಟ ಹಿಡಿಯಲು ಎರಡು ಕೈ ಬೇಕು. ತನ್ನ ಕೀಲನ್ನೇ ಕಡಿಯುವ ರೋಗನಿರೋಧಕ ವ್ಯವಸ್ಥೆ ತುಸು ಸುಮ್ಮನಿರಲಿ ಎಂದು ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ನುಂಗುತ್ತಾರೆ. ಅದನ್ನು ಎಬ್ಬಿಸಲೆಂದು ದಿನವೂ ನಿಮ್ಮ ಕ್ಯಾಪ್ಸೂಲು. ಯೀಸ್ಟ್ ಗೋಡೆಯಿಂದಲೇ ತೆಗೆದ ಜೈಮೋಸಾನ್ ಎಂಬ ಪುಡಿಯನ್ನು ಚುಚ್ಚಿ ಇಲಿಗಳ ಕೀಲು ಊದಿಸುವುದು ಪ್ರಯೋಗಾಲಯಗಳಲ್ಲಿ ಹಳೆಯ ರೂಢಿ. ಚುಚ್ಚುವುದೇ ಬೇರೆ, ನುಂಗುವುದೇ ಬೇರೆ ಎನ್ನುತ್ತೀರಿ. ಒಪ್ಪಿದೆ. ಹಾಗಾದರೆ ಗಾಜಿನ ತಟ್ಟೆಯಲ್ಲಿ ಬಿಳಿಕಣಗಳು ಚುರುಕಾದದ್ದನ್ನು, ನುಂಗಿದವರ ಲೆಕ್ಕಕ್ಕೆ ಹೇಗೆ ಜಮಾ ಮಾಡಿದಿರಿ?

ಮುಂದಿನ ಸಲ ಅಚ್ಚು ಹಾಕಿಸುವಾಗ, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ತೆಗೆದುಕೊಳ್ಳುವವರು ಮೊದಲು ವೈದ್ಯರನ್ನು ಕೇಳಬೇಕು ಎಂಬ ಒಂದು ಸಾಲನ್ನು ಕನ್ನಡದಲ್ಲೇ, ಕನ್ನಡಕ ಹಾಕಿಕೊಂಡವರಿಗಾದರೂ ಕಾಣುವ ಹಾಗೆ ಸೇರಿಸಿ. ಮುಕ್ಕಾಲು ಡಬ್ಬಿ ಉಳಿದಿದೆ. ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲ ಅಂದರು. ನಿಮ್ಮ ಆಫೀಸಿನಲ್ಲಿ ಯಾರಿಗಾದರೂ ನೆಗಡಿಯಾಗಿದ್ದರೆ ತಿಳಿಸಿ, ಕಳಿಸಿಕೊಡುತ್ತೇನೆ.

ಇತಿ,
ನಿಮ್ಮ ಅಭಿಮಾನಿ ಓದುಗ