ಸಿರಿಧಾನ್ಯ ಸಾರ್

ಈಗ ಬಡಾವಣೆಗೊಬ್ಬ ಸಿರಿಧಾನ್ಯ ಸಾರ್ ಇದ್ದೇ ಇರುತ್ತಾರೆ. ನಿವೃತ್ತ ಎಂಜಿನಿಯರೋ ಬ್ಯಾಂಕ್ ಮ್ಯಾನೇಜರೋ ಆಗಿರುತ್ತಾರೆ. ಬೆಳಿಗ್ಗೆ ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕಿ, ಕಲ್ಲುಬೆಂಚಿನ ಮೇಲೆ ಕೂತು, ಎದುರಿಗೆ ಸಿಕ್ಕವರ ತಿಂಡಿ ವಿಚಾರಿಸುತ್ತಾರೆ. "ಇಡ್ಲಿ" ಅಂದಿರೋ, ಕೆಟ್ಟಿರಿ. "ಪಾಲಿಶ್ ಮಾಡಿದ ಅಕ್ಕೀನಾ?" ಎಂದು ಶುರುವಾದದ್ದು ಗಾಣದೆಣ್ಣೆ, ತಾಮ್ರದ ಚೊಂಬು, ನಾಟಿ ಹಸುವಿನ ತುಪ್ಪ ಎಲ್ಲ ಸುತ್ತಿ ಬರುವಷ್ಟರಲ್ಲಿ ನಿಮ್ಮ ಮನೆಯ ಇಡ್ಲಿ ತಣ್ಣಗಾಗಿರುತ್ತದೆ.

ನಮ್ಮ ಬಡಾವಣೆಯ ಸಾರ್ ನಾಗಮಂಗಲದ ಕಡೆಯವರು. ಇದೇ ಮಹಾಶಯರು ತೊಂಬತ್ತರ ದಶಕದಲ್ಲಿ ಡಾಕ್ಟರ್ ಕೊಟ್ಟ ಚಾರ್ಟನ್ನು ಫ್ರಿಜ್ಜಿಗೆ ಅಂಟಿಸಿಕೊಂಡು ತುಪ್ಪ, ಕೊಬ್ಬರಿಗಳನ್ನು ಮನೆಯಿಂದ ಗಡೀಪಾರು ಮಾಡಿದ್ದರು. ಮೊಟ್ಟೆಯ ಹಳದಿ ತೆಗೆದು ಬೀದಿನಾಯಿಗೆ ಹಾಕುತ್ತಿದ್ದರು. ನಾಯಿ ಬಹಳ ವರ್ಷ ಸುಖವಾಗಿ ಬಾಳಿತು. ಆಮೇಲೆ ಅಮೆರಿಕದವರು, ದಿನಕ್ಕೆ 300 ಮಿಲಿಗ್ರಾಂ ಮೀರಿ ಕೊಲೆಸ್ಟರಾಲ್ ತಿನ್ನಬೇಡಿ ಎಂದು ಅಷ್ಟು ಕಾಲ ಹೇಳಿಕೊಂಡು ಬಂದಿದ್ದ ಮಿತಿಯನ್ನು 2015-20ರ ಆಹಾರ ಮಾರ್ಗಸೂಚಿಯಲ್ಲಿ ಕೈಬಿಟ್ಟರು. ಸಾರ್‌ಗೆ ಮೈಯೆಲ್ಲ ಉರಿಯಿತು. ಉರಿದದ್ದು ನ್ಯಾಯವೇ, ನಾಯಿ ತಿಂದ ಹಳದಿಗೆ ಪರಿಹಾರ ಕೊಡುವವರು ಯಾರು? ಅದೇ ಮಾರ್ಗಸೂಚಿ, ಸ್ಯಾಚುರೇಟೆಡ್ ಕೊಬ್ಬು ಒಟ್ಟು ಕ್ಯಾಲರಿಯ ಶೇ 10ರೊಳಗಿರಲಿ ಎಂದೂ ಹೇಳಿತ್ತು. ಆ ಪುಟ ಅವರ ವಾಟ್ಸಾಪ್ ಗುಂಪಿಗೆ ಇನ್ನೂ ಫಾರ್ವರ್ಡ್ ಆಗಿಲ್ಲ. ತುಪ್ಪ ಮಾತ್ರ ಬಡ್ಡಿ ಸಮೇತ ಮನೆಗೆ ಮರಳಿದೆ.

ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಎಂದು ಸಾರಿದಾಗ, ಸಾರ್ ಅದು ತಮ್ಮದೇ ಷಷ್ಟ್ಯಬ್ದಿಯೇನೋ ಎಂಬಂತೆ ಮನೆಮನೆಗೂ ಸಜ್ಜೆ ಲಾಡು ಹಂಚಿದರು. "ಪೌಷ್ಟಿಕತೆ ಶಾಸ್ತ್ರವೆಲ್ಲ ಕಂಪನಿಗಳ ಸಂಚು ಸಾರ್" ಅನ್ನುವುದು ಅವರ ಪಲ್ಲವಿ. ಅದರ ಬೆನ್ನಿಗೇ, "ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಗೊತ್ತೇನು?" ಅಂತಾರೆ. ಗೊತ್ತಿದೆ. ಅದನ್ನು ಅಳೆದು 2017ರ ಕೋಷ್ಟಕದಲ್ಲಿ ಅಚ್ಚು ಹಾಕಿದವರು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು. ಅವರೂ ಸಂಚಿನಲ್ಲಿದ್ದಾರೆಯೇ ಎಂದು ಕೇಳುವ ಧೈರ್ಯ ಪಾರ್ಕಿನಲ್ಲಿ ಯಾರಿಗೂ ಇಲ್ಲ.

ಒಮ್ಮೆ ಊಟಕ್ಕೆ ಕರೆದರು. ಮುದ್ದೆ, ಬಸ್ಸಾರು, ಹುರುಳಿಕಾಳಿನ ಪಲ್ಯ. ಸಾರ್ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು (ಏಳುವಾಗ ನಾನೂ ಅವರ ಮಗನೂ ಕೈಕೊಟ್ಟೆವು). ಆಗ ಎದುರಾಯಿತು ಧರ್ಮಸಂಕಟ. ಹೊಸದಾಗಿ ನೋಡಿದ ವಿಡಿಯೋದ ಪ್ರಕಾರ ತುತ್ತನ್ನು ಮೂವತ್ತೆರಡು ಸಲ ಅಗಿಯಬೇಕು; ಪೂರ್ವಜರ ಪ್ರಕಾರ ಮುದ್ದೆಗೆ ಹಲ್ಲು ತಾಗಿಸಲೇಬಾರದು. ಸಾರ್ ತುತ್ತನ್ನು ಸಾರಿನಲ್ಲಿ ಅದ್ದಿ ಬಾಯಿಗಿಟ್ಟು, ಏಳೆಂಟು ಸಲ ಅಗಿದರು. ಮುದ್ದೆ ಅಂಗುಳಿಗೆ ಅಂಟಿತು. ಬೆರಳು ಹಾಕಿ ಬಿಡಿಸಿಕೊಳ್ಳುವುದನ್ನು ಅಲ್ಲೇ ಗೋಡೆಗೊರಗಿ ಕೂತಿದ್ದ ಅವರ ತಾಯಿ ನೋಡಿ, "ನುಂಗಲಾ ಮಗ, ಅದೇನ್ ಎಲೆಅಡಿಕೆಯಾ?" ಅಂದರು.

ಸಾರ್‌ನ ಎಲ್ಲ ಸಿದ್ಧಾಂತಕ್ಕೂ ಈ ಅಜ್ಜಿಯೇ ಮಗ್ಗುಲ ಮುಳ್ಳು. ಆರ್ಗ್ಯಾನಿಕ್ ಅಂಗಡಿಯಿಂದ ಸೋನಾ ಮಸೂರಿಗಿಂತ ದುಬಾರಿ ಸಾಮೆ ತಂದರೆ, "ಬರಗಾಲ್ದಲ್ಲಿ ಉಂಡಿದ್ದ ಸಾಮೆಯ ಕಾಸು ಕೊಟ್ಟು ತಂದಿದ್ದೀಯಲ್ಲೋ" ಅಂತಾರೆ. ಆ ಕಾಲದಲ್ಲಿ ಅವರ ಊರಲ್ಲಿ ಅನ್ನ ಅಂದರೆ ಹಬ್ಬಕ್ಕೋ ನೆಂಟರು ಬಂದಾಗಲೋ. ದಿನಾ ಅನ್ನ ಉಣ್ಣುವುದೇ ದೊಡ್ಡಸ್ತಿಕೆ ಎಂದು ಆಸೆಪಟ್ಟು ಆಸೆಪಟ್ಟು, ಕಡೆಗೆ ಅದು ಕೈಗೆಟುಕುವ ಹೊತ್ತಿಗೆ ಮಗ ಅಕ್ಕಿ ಡಬ್ಬವನ್ನೇ ಅಟ್ಟಕ್ಕೆ ಏರಿಸಿದ್ದಾನೆ.

ಅಂದೂ ಸಾರ್ ತಮ್ಮ ಬ್ರಹ್ಮಾಸ್ತ್ರ ತೆಗೆದರು: "ನಮ್ಮ ತಾತ ಇದನ್ನೇ ಉಂಡು ತೊಂಬತ್ತು ದಾಟಿದರು."

"ನಿಮ್ ತಾತ ದಾಟುದ್ರು ಕಣಪ್ಪ. ಅವ್ರ ಒಡಹುಟ್ಟಿದೋರು ಐದು ಜನ ಮೀಸೆ ಬರಕ್ ಮುಂಚೆನೇ ಹೋದ್ರಲ್ಲ, ಅವ್ರೂ ಇದ್ನೇ ಉಣ್ತಿದ್ದಿದ್ದು."

ಸಾರ್ ಮುದ್ದೆ ನುಂಗಿದರು. ತಾತ ಬೆಳಗಿನಿಂದ ಬೈಗಿನವರೆಗೆ ನೇಗಿಲ ಹಿಂದೆ ನಡೆದು ಹಸಿದು ಬಂದು ಉಣ್ಣುತ್ತಿದ್ದರು ಎಂಬ ಮಾತನ್ನು ಅಜ್ಜಿ ಎತ್ತಲಿಲ್ಲ. ಎತ್ತಿದ್ದರೆ ಪಾರ್ಕಿನ ನಾಲ್ಕು ಸುತ್ತಿನ ಮಾನ ಹೋಗುತ್ತಿತ್ತು.

ಈ ಕ್ರಾಂತಿಯಲ್ಲಿ ದುಡಿಯುವವರು ಬೇರೆ. ರಾತ್ರಿ ಹತ್ತಕ್ಕೆ "ನವಣೆ ನೆನೆಹಾಕಿದೆಯಾ?" ಎಂದು ಕೇಳುವುದಷ್ಟೇ ಸಾರ್ ಪಾಲಿನ ಕೆಲಸ. ನೆನೆಹಾಕುವುದು, ಕಲ್ಲು ಆರಿಸುವುದು, ಕೋಲು ಹಿಡಿದು ಗಂಟಿಲ್ಲದಂತೆ ಹಿಟ್ಟು ತಿರುವುವುದು, ಜೊತೆಗೆ ಮಧ್ಯಾಹ್ನ ಸಾರ್ ಮಲಗಿದ ಮೇಲೆ ಅತ್ತೆಗೆ ಒಂದು ಹಿಡಿ ಬಿಳಿ ಅನ್ನ ಮಾಡಿ ಮೊಸರು ಕಲೆಸಿ ಕೊಡುವುದು, ಎಲ್ಲ ಅವರ ಹೆಂಡತಿಯದು.

ಇಂಥವರು ನಿಮ್ಮ ಬೀದಿಯಲ್ಲೂ ಇದ್ದರೆ ತಪ್ಪಿಸಿಕೊಂಡು ಓಡಬೇಡಿ. ರಾಗಿ ವಿಷಯದಲ್ಲಿ ಅವರು ಹೇಳುವುದು ಸರಿ, ಊಟಕ್ಕೆ ಕರೆದರೆ ಹೋಗಿ, ಬಸ್ಸಾರು ಸೊಗಸಾಗಿರುತ್ತದೆ. ಬಿಪಿ ಮಾತ್ರೆ ನಿಲ್ಲಿಸಿಬಿಡಿ ಎಂದಾಗ ಮಾತ್ರ ತಲೆಯಾಡಿಸಬೇಡಿ. ತಮ್ಮದನ್ನು ಅವರು ನಿಲ್ಲಿಸಿಲ್ಲ.