ಗುಲಾಬಿ ನೀರಿನ ಭೀಮಸೇನರು

ಲೆಗ್ ಡೇ ಮುಗಿಸಿದ ಮರುದಿನ ಜಿಮ್ ಹುಡುಗರು ಮೆಟ್ಟಿಲಿಳಿಯುವ ಚೆಂದ ನೋಡಬೇಕು. ಕಂಬಿ ಹಿಡಿದು, ಅಡ್ಡಡ್ಡ ಕಾಲಿಟ್ಟು, ಮೆಟ್ಟಿಲಿಗೊಂದು ದೇವರ ಹೆಸರು ಹೇಳುತ್ತಾ ಬರುತ್ತಾರೆ. ಇನ್ನೊಂದು ಕೈಯಲ್ಲಿ ಗುಲಾಬಿ ಬಣ್ಣದ ನೀರು ತುಂಬಿದ ಶೇಕರ್. ಏನಪ್ಪಾ ಇದು ಅಂದರೆ "ಬಿಸಿಎಎ" ಅನ್ನುತ್ತಾರೆ. ಬಿಎ, ಬಿಕಾಂ ಗೊತ್ತಿದ್ದ ನಮ್ಮಂಥವರು ಇದೂ ಯಾವುದೋ ಡಿಗ್ರಿ ಇರಬೇಕು ಅಂದುಕೊಂಡರೆ ಆಶ್ಚರ್ಯವಿಲ್ಲ. ಫೀಸೂ ಹೆಚ್ಚುಕಡಿಮೆ ಹಾಗೇ ಇದೆ.

ನಮ್ಮಕ್ಕನ ಮಗ ಈ ಪಂಥದ ಪರಮಭಕ್ತ. "ಮಾಮ, ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್. ಎರಡಕ್ಕೆ ಒಂದು, ಒಂದು. ಮಸಲ್ ಕಟ್ಟೋದೇ ಇವು" ಎಂದು ಮಗ್ಗಿಯಂತೆ ಒಪ್ಪಿಸುತ್ತಾನೆ. ಪೂರಾ ಸುಳ್ಳೇನಲ್ಲ. ಲ್ಯೂಸಿನ್ ಮೇಸ್ತ್ರಿ ಇದ್ದ ಹಾಗೆ; ಸ್ನಾಯುಕೋಶದೊಳಗೆ ಹೋಗಿ ಎಂಟಾರ್ ಎಂಬ ವ್ಯವಸ್ಥೆಯನ್ನು ಎಬ್ಬಿಸಿ "ಏಳ್ರೋ, ಗೋಡೆ ಕಟ್ರೋ" ಎಂದು ಕೂಗುತ್ತದೆ. ಆದರೆ ಇಟ್ಟಿಗೆ, ಸಿಮೆಂಟು, ಮರಳು? ಪ್ರೋಟೀನಿಗೆ 20 ಬಗೆಯ ಅಮೈನೋ ಆಮ್ಲ ಬೇಕು. ಅದರಲ್ಲಿ 9 ನಮ್ಮ ದೇಹಕ್ಕೆ ಮಾಡಿಕೊಳ್ಳಲು ಬಾರದು, ಊಟದಲ್ಲೇ ಬರಬೇಕು. ಬಿಸಿಎಎ ಡಬ್ಬದಲ್ಲಿರುವುದು ಅವುಗಳಲ್ಲಿ ಈ ಮೂರೇ. ಬರಿಹೊಟ್ಟೆಯಲ್ಲಿ ಅಷ್ಟನ್ನೇ ಕುಡಿದರೆ ಉಳಿದ ಆರನ್ನು ದೇಹ ಎಲ್ಲಿಂದ ತರುತ್ತದೆ? ಇರುವ ಸ್ನಾಯುವನ್ನೇ ಕೆಡವಿ! 2017ರಲ್ಲಿ ಅಮೆರಿಕದ ರಾಬರ್ಟ್ ವುಲ್ಫ್ ಎಂಬ ವಿಜ್ಞಾನಿ ಇದನ್ನೇ ಬರೆದು ಡಬ್ಬದ ದೊಡ್ಡ ದೊಡ್ಡ ಮಾತಿಗೆ ಆಧಾರ ಸಾಲದು ಎಂದರು.

ಅದೇ ವರ್ಷ ಬ್ರಿಟನ್ನಿನಲ್ಲಿ ಭಾರ ಎತ್ತಿ ದಣಿದ ಯುವಕರಿಗೆ 5.6 ಗ್ರಾಂ ಬಿಸಿಎಎ ಕುಡಿಸಿ ನೋಡಿದರು. ಏನೂ ಇಲ್ಲದ ನೀರು ಕುಡಿದಾಗಿನದಕ್ಕಿಂತ ಸ್ನಾಯು ಪ್ರೋಟೀನ್ ತಯಾರಿ ಶೇ. 22 ಹೆಚ್ಚಿತು. ನಮ್ಮ ಹುಡುಗ ಇಷ್ಟು ಕೇಳಿ ಎದೆಯುಬ್ಬಿಸಿದ. ಮುಂದಿನ ಸಾಲು ಅವನಿಗೆ ಓದಿ ಹೇಳಿದವನು ನಾನೇ: ಅಷ್ಟೇ ಬಿಸಿಎಎ ಇರುವ ವೇ ಪ್ರೋಟೀನಿನಿಂದ ಸಿಗುವುದರಲ್ಲಿ ಇದು ಸುಮಾರು ಅರ್ಧ.

ವೇ, ಅಂದರೆ ಒಡೆದ ಹಾಲಿನ ತಿಳಿನೀರು, ಎಂದ ತಕ್ಷಣ ಅವರಮ್ಮ ಪನೀರ್ ಸೋಸಿದ ನೀರನ್ನು ಲೋಟಕ್ಕೆ ತುಂಬಿಟ್ಟಳು. ಅಕ್ಕಾ, ಕಾಯಿಸಿದ ಹಾಲು ಒಡೆದಾಗ ವೇ ಪ್ರೋಟೀನಿನ ಬಹುಪಾಲು ಪನೀರಿನ ಜೊತೆಗೇ ಹೋಗಿರುತ್ತದೆ ಕಣೇ, ಅವನಿಗೆ ಪನೀರನ್ನೇ ಕೊಡು ಎಂದೆ. ಅಂದಹಾಗೆ, 1819ರಲ್ಲಿ ಫ್ರಾನ್ಸಿನ ಪ್ರೂಸ್ಟ್ ಎಂಬ ರಸಾಯನವಿಜ್ಞಾನಿ ಈ ಲ್ಯೂಸಿನ್ನನ್ನು ಮೊದಲು ಕಂಡದ್ದೂ ಚೀಸ್‌ನಲ್ಲೇ.

ಇನ್ನು ಲೆಗ್ ಡೇ ಮರುದಿನದ ಆ ನೋವಿನ ಕಥೆ. ಲ್ಯಾಕ್ಟಿಕ್ ಆಮ್ಲ ನಿಂತುಬಿಟ್ಟಿದೆ ಎಂದು ಜಿಮ್ಮಿನಲ್ಲಿ ಇವತ್ತಿಗೂ ಹೇಳುತ್ತಾರೆ. ಪಾಪ, ಅದು ಒಂದೆರಡು ಗಂಟೆಯೊಳಗೇ ಜಾಗ ಖಾಲಿ ಮಾಡಿರುತ್ತದೆ. ನೋವು ಜೋರಾಗುವುದು ಒಂದರಿಂದ ಮೂರು ದಿನದ ನಡುವೆ. ಸ್ನಾಯುವಿನ ಎಳೆಗಳಲ್ಲೇ ಏನೋ ಹರಿದಿರಬೇಕು ಎಂದು ಥಿಯೋಡರ್ ಹಫ್ ಎಂಬ ವಿಜ್ಞಾನಿ 1902ರಲ್ಲೇ ಊಹಿಸಿದ್ದರು. ಸ್ನಾಯು ಹಿಗ್ಗುತ್ತಲೇ ಭಾರ ತಡೆಯುವ ಕೆಲಸದಲ್ಲಿ ಈ ಪೆಟ್ಟು ಹೆಚ್ಚು. ಮೆಟ್ಟಿಲಿಳಿಯುವಾಗ ತೊಡೆ ಮಾಡುವುದೂ ಅದನ್ನೇ, ಅದಕ್ಕೇ ದೇವರ ನೆನಪು. ಬಿಸಿಎಎ ಕುಡಿದವರಿಗೆ ನೋವು ಒಂದಿಷ್ಟು ತಗ್ಗಿದ್ದು ಕೆಲವು ಪ್ರಯೋಗಗಳಲ್ಲಿ ಕಂಡಿದೆ. ಕಳೆದ ಬಲ ಬೇಗ ಮರಳುತ್ತದೆ ಎನ್ನುವುದು ಮಾತ್ರ ಅಷ್ಟು ಗಟ್ಟಿಯಾಗಿಲ್ಲ.

ಹಾಗಾದರೆ ಲ್ಯೂಸಿನ್ ಎಷ್ಟು ಬೇಕು? ಈ ಲೆಕ್ಕದಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ. ದೇಹದ ತೂಕದ ಕಿಲೋಗೆ ದಿನಕ್ಕೆ 14 ಮಿಲಿಗ್ರಾಂ ಲ್ಯೂಸಿನ್ ಸಾಕು ಎಂದು 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು. 2007ರಲ್ಲಿ ಅದು 39ಕ್ಕೆ ಏರಿತು. ಅಮೈನೋ ಆಮ್ಲಗಳ ಅಗತ್ಯವನ್ನು ಹೀಗೆ ಮರುಲೆಕ್ಕ ಹಾಕುವಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನುರಾ ಕುರ್ಪಾಡ್ ಅವರ ತಂಡ ಬಹಳ ದುಡಿದಿದೆ. ಅರವತ್ತು ಕಿಲೋದವನಿಗೆ ಸುಮಾರು 2.3 ಗ್ರಾಂ ಆಯಿತು. ಅರ್ಧ ಲೀಟರ್ ಹಾಲು, ಎರಡು ಮೊಟ್ಟೆಯಲ್ಲೇ ಅಷ್ಟು ಬಂತು. ಭಾರ ಎತ್ತುವವರಿಗೆ ಇನ್ನೂ ಬೇಕು ಎನ್ನಿ. ಒಟ್ಟು ಪ್ರೋಟೀನ್ ಕಿಲೋಗೆ 1.6 ಗ್ರಾಂ ಆಸುಪಾಸು ಇದ್ದರೆ ಆಯಿತು, ಆಮೇಲೆ ಹೆಚ್ಚು ತಿಂದರೆ ಹೆಚ್ಚು ಲಾಭ ಕಾಣದು.

"ಮೈಸೂರಿನ ಗರಡಿ ಪೈಲ್ವಾನರು ಹಾಲು, ಬಾದಾಮಿಯಲ್ಲೇ ಮೈ ಬೆಳೆಸಲಿಲ್ವೇನೋ? ಹುರುಳಿಕಾಳು ತಿನ್ನು, ನೂರು ಗ್ರಾಂಗೆ ಇಪ್ಪತ್ತಕ್ಕಿಂತ ಹೆಚ್ಚು ಪ್ರೋಟೀನ್. ಕುದುರೆಗೆ ಸುಮ್ಮನೆ ಹಾಕ್ತಿದ್ರಾ?" ಎಂದೆ.

ಹುಡುಗ ಶೇಕರ್ ಮುಚ್ಚಳ ತಿರುಗಿಸುತ್ತಾ ಗಂಭೀರವಾಗಿ ಯೋಚಿಸಿದ. "ಸರಿ ಮಾಮ. ಆದ್ರೆ ಹುರುಳಿ, ವಾಟರ್‌ಮೆಲನ್ ಫ್ಲೇವರ್‌ನಲ್ಲಿ ಸಿಗುತ್ತಾ?"